ಅಫಜಲಪುರ ರಸ್ತೆಯಲ್ಲಿ ಬೆನ್ನಿಗೆ ಬಿದ್ದ ಕ್ರೂಸರ್: ಒಂದು ಪ್ರಕರಣ ಅಧ್ಯಯನ

ಕಲಬುರಗಿಯಿಂದ ಅಫಜಲಪುರಕ್ಕೆ ಹೋಗುವ ರಸ್ತೆಯಲ್ಲಿ, ಚಳಿಗಾಲದ ಒಂದು ಬೆಳಿಗ್ಗೆ, ಜನ ಸಾಗಿಸುವ ಜೀಪಿನಂಥ ಒಂದು ಕ್ರೂಸರ್ ಗಾಡಿ ಸಣ್ಣ ಕಾರೊಂದಕ್ಕೆ ಹಿಂದಿನಿಂದ ಗುದ್ದಿತು. ಕಾರಿನ ಬಂಪರ್ ಕಳಚಿತು, ಡಿಕ್ಕಿಯ ಬಾಗಿಲು ಒಳಗೆ ಹೋಯಿತು. ಕ್ರೂಸರ್‌ನಲ್ಲಿದ್ದ ಒಬ್ಬ ಅಜ್ಜಿಗೆ ತುಟಿ ಒಡೆದು ಹೊಲಿಗೆ ಬಿತ್ತು. ಯಾರ ಜೀವವೂ ಹೋಗಲಿಲ್ಲ, ಪೇಪರ್‌ನಲ್ಲಿ ಒಂದು ಸಾಲೂ ಬರಲಿಲ್ಲ.

ಆದರೂ ಇದನ್ನು ಪೂರ್ತಿ ಬರೆಯೋಕೆ ಕಾರಣ ಇದೆ. ಕಾರಿನಲ್ಲಿ ಡ್ಯಾಶ್‌ಕ್ಯಾಮ್ ಇತ್ತು, ಅಂದರೆ ಓಡುವಾಗ ರಸ್ತೆಯನ್ನು ವಿಡಿಯೋ ಮಾಡುವ ಕ್ಯಾಮೆರಾ. ಕಾರು ಓಡಿಸುತ್ತಿದ್ದವರು ನನಗೆ ಪರಿಚಯದವರು. ಆಮೇಲೆ ಕ್ರೂಸರ್ ಡ್ರೈವರ್ ಕೂಡ ನನ್ನ ಜೊತೆ ಕೂತು ಮಾತಾಡಿದ. ಇಂಥ ಜಗಳಗಳಲ್ಲಿ ಸಾಮಾನ್ಯವಾಗಿ ನಮಗೆ ಒಂದು ಕಡೆಯ ಕಥೆ ಮಾತ್ರ ಸಿಗುತ್ತದೆ. ಗಾಡಿ ಓಡಿಸೋದು ಕಲಿಸುವ ಕೆಲಸದಲ್ಲಿರುವ ನನಗೆ ಇದು ಸುಮ್ನೆ ಬಿಡೋ ವಿಷಯ ಅನ್ನಿಸಲಿಲ್ಲ.

ರಸ್ತೆ ಮತ್ತು ಆ ದಿನ

ಕಾರು ಓಡಿಸುತ್ತಿದ್ದವರು ಒಬ್ಬ ಹೈಸ್ಕೂಲ್ ಶಿಕ್ಷಕಿ. ಹೆಸರು ಬೇಡ, ಟೀಚರ್ ಅಂತಲೇ ಕರೆಯೋಣ. ಮನೆ ಕಲಬುರಗಿಯಲ್ಲಿ, ಶಾಲೆ ಅಫಜಲಪುರ ತಾಲ್ಲೂಕಿನಲ್ಲಿ. ದಿನಾ ಹೋಗಿ ಬರುತ್ತಾರೆ. ಪಕ್ಕದ ಸೀಟಿನಲ್ಲಿ ಅದೇ ಶಾಲೆಯ ಹಿರಿಯ ಗಣಿತ ಮಾಸ್ತರ್ ಕೂತಿದ್ದರು.

ಅವತ್ತು ಹುಣ್ಣಿಮೆ. ಹುಣ್ಣಿಮೆ ಅಂದರೆ ಈ ರಸ್ತೆ ಬೇರೆಯದೇ ಆಗುತ್ತದೆ. ಗಾಣಗಾಪುರದ ದತ್ತಾತ್ರೇಯ ದರ್ಶನಕ್ಕೆ ಹೋಗುವ ಜನ ಚೌಡಾಪುರದವರೆಗೂ ಇದೇ ದಾರಿ ಹಿಡಿಯುತ್ತಾರೆ. ಬಸ್ಸು, ಜೀಪು, ಕ್ರೂಸರ್, ಮಹಾರಾಷ್ಟ್ರದ ಕಾರು, ಎಲ್ಲಾ ಸೇರುತ್ತವೆ. ಅದರ ಮೇಲೆ ಕಬ್ಬಿನ ಸೀಜನ್. ಭೀಮಾ ನದಿಯ ಆಸುಪಾಸಿನ ಹೊಲಗಳಿಂದ ಫ್ಯಾಕ್ಟರಿಗೆ ಹೊರಟ ಟ್ರ್ಯಾಕ್ಟರ್‌ಗಳು, ಒಂದೊಂದಕ್ಕೆ ಎರಡೆರಡು ಟ್ರಾಲಿ. ಹಿಂದಿನ ಟ್ರಾಲಿಗೆ ಲೈಟಿಲ್ಲ, ರಿಫ್ಲೆಕ್ಟರ್ ಇದ್ದರೂ ಕಬ್ಬಿನ ಸೋಗೆ ಇಳಿಬಿದ್ದು ಮುಚ್ಚಿರುತ್ತದೆ. ಘಟನೆ ನಡೆದ ಕಡೆ ರಸ್ತೆಯ ನಡುವೆ ಡಿವೈಡರ್ ಇರಲಿಲ್ಲ. ಡಾಂಬರಿನ ಅಂಚು ಮುಗಿದ ತಕ್ಷಣ ಕರಿ ಮಣ್ಣಿನ ಸೈಡು, ಕೆಲವು ಕಡೆ ಗೇಣುದ್ದ ಇಳಿಜಾರು. ಈ ಅಂಚಿನ ವಿಷಯ ಮುಂದೆ ಬೇಕಾಗುತ್ತದೆ.

ಏನು ನಡೆಯಿತು

ಊರು ದಾಟಿ ಸ್ವಲ್ಪ ಹೊತ್ತಿಗೆ ಕ್ರೂಸರ್ ಹಿಂದೆ ಬಂತು. ಟೀಚರ್ ಆಗ ಗಂಟೆಗೆ 60 ಕಿ.ಮೀ. ಆಸುಪಾಸಿನ ವೇಗದಲ್ಲಿದ್ದರು. ಡ್ಯಾಶ್‌ಕ್ಯಾಮ್ ವೇಗವನ್ನೂ ಬರೆದುಕೊಳ್ಳುತ್ತದೆ, ಆದ್ದರಿಂದ ಈ ಅಂಕಿ ಊಹೆಯಲ್ಲ. ಕ್ರೂಸರ್ ಹಾರ್ನ್ ಹೊಡೆಯಿತು, ಡಿಪ್ಪರ್ ಹಾಕಿತು. ಎದುರಿನಿಂದ ಗಾಡಿಗಳು ಬರುತ್ತಲೇ ಇದ್ದವು, ಅದಕ್ಕೆ ಮುಂದೆ ಹೋಗೋಕೆ ಜಾಗ ಇರಲಿಲ್ಲ. ಬಂದು ಅಂಟಿಕೊಂಡಿತು. "ಕನ್ನಡಿ ತುಂಬ ಬರೀ ಅವನ ಬಂಪರ್ರೇ ಕಾಣ್ತಿತ್ತು" ಅಂತ ಟೀಚರ್ ಹೇಳಿದರು.

ಮಾಸ್ತರ್ ಹಿಂದೆ ತಿರುಗಿ ನೋಡಿ ಹೇಳಿದ ಮಾತು ಕ್ಯಾಮೆರಾದಲ್ಲಿ ಸ್ಪಷ್ಟವಾಗಿ ದಾಖಲಾಗಿದೆ: "ಜರಾ ಜೋರ್ ಹೊಡೀರಿ ಟೀಚರ್, ಅವನ ಕಾಟ ತಪ್ಪತದ." ಟೀಚರ್ ಜೋರು ಮಾಡಿದರು. 70, 75, 80. ಕ್ರೂಸರ್ ಕೂಡ ಅಷ್ಟೇ ಜೋರಾಗಿ ಬೆನ್ನಿಗೇ ಬಂತು.

ಆಮೇಲೆ ಒಂದು ತಿರುವು. ತಿರುವು ಮುಗಿದ ತಕ್ಷಣ ಕಬ್ಬಿನ ಟ್ರ್ಯಾಕ್ಟರ್. ಅದರ ವೇಗ 20 ಇದ್ದರೆ ಜಾಸ್ತಿ. ಟೀಚರ್ ಗಟ್ಟಿ ಬ್ರೇಕ್ ಒತ್ತಿದರು. ಹಿಂದೆ ಕ್ರೂಸರ್‌ನ ಟೈರು ಕಿರುಚಿದ್ದು ಕೇಳಿಸುತ್ತದೆ. ಆ ಸಲ ಗುದ್ದಲಿಲ್ಲ.

ಟ್ರ್ಯಾಕ್ಟರ್ ಹಿಂದೆ ಸಿಕ್ಕಿಕೊಂಡಾಗ ಟೀಚರ್‌ಗೆ ಹೆದರಿಕೆ ಹೋಗಿ ಸಿಟ್ಟು ಬಂತು. ಎರಡು ಸಲ ಸುಮ್ನೆ ಬ್ರೇಕ್ ಕುಟ್ಟಿದರು. ಮುಂದೆ ಅದಕ್ಕೆ ಕಾರಣವೇನೂ ಇರಲಿಲ್ಲ, ಹಿಂದಿನವನಿಗೆ ಬುದ್ಧಿ ಕಲಿಸೋಕೆ ಅಷ್ಟೆ. ಇದನ್ನು ಅವರೇ ಒಪ್ಪಿಕೊಂಡರು. ನಂತರ ಬಲಗಡೆ ಇಂಡಿಕೇಟರ್ ಹಾಕಿ ಟ್ರ್ಯಾಕ್ಟರ್ ದಾಟಿದರು. ಕ್ರೂಸರ್ ಅದೇ ಉಸಿರಿನಲ್ಲಿ ದಾಟಿತು.

ಮುಂದೆ ಒಂದು ಊರು. ಊರಿನ ಬಾಯಲ್ಲಿ ಹಂಪ್. ಬೋರ್ಡಿಲ್ಲ, ಬಿಳಿ ಪಟ್ಟಿ ಅಳಿಸಿಹೋಗಿತ್ತು. ದಿನಾ ಹೋಗುವ ರಸ್ತೆಯಾದ್ದರಿಂದ ಟೀಚರ್‌ಗೆ ಅದು ಗೊತ್ತಿತ್ತು. ಆದರೆ ಕಣ್ಣು ಕನ್ನಡಿಯಲ್ಲಿತ್ತು. ನೆನಪಾದಾಗ ತಡವಾಗಿತ್ತು. ಮತ್ತೆ ಗಟ್ಟಿ ಬ್ರೇಕ್. ಈ ಸಲ ಕ್ರೂಸರ್ ನಿಲ್ಲಲಿಲ್ಲ.

ಕ್ಯಾಮೆರಾ ನೋಡಿದ್ದು ಮುಂದೆ ಮಾತ್ರ

ಟೀಚರ್ ವಿಡಿಯೋ ಕೊಟ್ಟದ್ದು ಕ್ರೂಸರ್‌ನವನ ತಪ್ಪು ತೋರಿಸೋಕೆ. ಆದರೆ ಅವರ ಕ್ಯಾಮೆರಾ ಮುಂದಿನ ಗಾಜಿಗೆ ಅಂಟಿಸಿದ್ದು. ಹಿಂದಿನದು ಅದರಲ್ಲಿ ಕಾಣೋದೇ ಇಲ್ಲ, ಹಾರ್ನ್ ಮಾತ್ರ ಕೇಳಿಸುತ್ತದೆ. ಕ್ರೂಸರ್ ಮರೆತು ಬರೀ ರಸ್ತೆಯನ್ನು ನೋಡಿದರೆ ಆ ವಿಡಿಯೋ ಬೇರೆಯೇ ಕಥೆ ಹೇಳುತ್ತದೆ. ಚೆನ್ನಾಗಿ ಓಡಿಸುತ್ತಿದ್ದ ಒಬ್ಬರು ನೋಡನೋಡುತ್ತ ಕೆಟ್ಟದಾಗಿ ಓಡಿಸತೊಡಗುತ್ತಾರೆ. ವೇಗ ಏರುತ್ತದೆ, ಮುಂದಿನ ಗಾಡಿಗೂ ಇವರಿಗೂ ಇರುವ ಜಾಗ ಕರಗುತ್ತದೆ, ತಿರುವಿನಲ್ಲಿ ನಿಧಾನ ಮಾಡೋದಿಲ್ಲ, ಗೊತ್ತಿರುವ ಹಂಪ್ ಮರೆಯುತ್ತಾರೆ.

ಇಲ್ಲಿ ಸ್ವಲ್ಪ ಲೆಕ್ಕ ಬೇಕು. 60ರಲ್ಲಿ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಒಂದು ಬಸ್ಸಿನ ಉದ್ದಕ್ಕಿಂತ ಜಾಸ್ತಿ ಅದು. ಮುಂದೆ ಕೆಂಪು ಲೈಟ್ ಕಂಡು ಕಾಲು ಬ್ರೇಕಿಗೆ ಹೋಗೋಕೆ ಒಳ್ಳೆ ಡ್ರೈವರ್‌ಗೂ ಒಂದು ಸೆಕೆಂಡ್ ಹತ್ತಿರ ಬೇಕು. ಆಮೇಲೆ ಗಾಡಿ ನಿಲ್ಲೋಕೆ, ಒಣ ರಸ್ತೆ, ಒಳ್ಳೆ ಟೈರ್ ಇದ್ದರೆ, ಇನ್ನೂ 20 ಮೀಟರ್. 80ರಲ್ಲಿ ಆ ಒಂದು ಸೆಕೆಂಡಿಗೆ 22 ಮೀಟರ್ ಹೋಗುತ್ತದೆ, ನಿಲ್ಲೋಕೆ ಸುಮಾರು 35 ಬೇಕು. ವೇಗ ಮೂರನೇ ಒಂದು ಭಾಗ ಏರಿತು, ನಿಲ್ಲುವ ದೂರ ಮುಕ್ಕಾಲು ಭಾಗ ಏರಿತು. ಜನ ತುಂಬಿದ ಕ್ರೂಸರ್‌ಗೆ ಇದಕ್ಕಿಂತಲೂ ಜಾಸ್ತಿ ಬೇಕು. ಅಂದರೆ ಟೀಚರ್ ಜೋರು ಮಾಡಿದಾಗ ಹಿಂದಿನ ಅಪಾಯ ಕಮ್ಮಿಯಾಗಲಿಲ್ಲ, ಬೆಳೆಯಿತು. ಕ್ರೂಸರ್ ಮೊದಲಿನಷ್ಟೇ ಹತ್ತಿರ ಇತ್ತು, ನಿಲ್ಲೋಕೆ ಬೇಕಾದ ಜಾಗ ಮಾತ್ರ ದೊಡ್ಡದಾಯಿತು.

ಕಾನೂನಿನ ಲೆಕ್ಕದಲ್ಲೂ ಇಬ್ಬರೂ ದಾಟಿದ್ದರು. ಕೇಂದ್ರ ಸರ್ಕಾರ 2018ರಲ್ಲಿ ಹಾಕಿದ ಮಿತಿ ಪ್ರಕಾರ ಇಂಥ ರಸ್ತೆಯಲ್ಲಿ ಕಾರಿಗೆ 70. ಡ್ರೈವರ್ ಬಿಟ್ಟು 9 ಅಥವಾ ಅದಕ್ಕಿಂತ ಜಾಸ್ತಿ ಸೀಟು ಇರುವ ಗಾಡಿಗೆ 60.

ನಾನು ಟೀಚರ್‌ಗೆ ಹೇಳಿದ್ದು ಇಷ್ಟು: ಹಿಂದಿನ ಜಾಗ ನಿಮ್ಮ ಕೈಯಲ್ಲಿಲ್ಲ, ಮುಂದಿನ ಜಾಗ ಪೂರ್ತಿ ನಿಮ್ಮದು. ಹಿಂದಿನವನಿಗೆ ನಿಲ್ಲೋಕೆ ಜಾಗ ಇಲ್ಲ ಅಂತ ಗೊತ್ತಾದ ಮೇಲೆ ನೀವು ಗಟ್ಟಿ ಬ್ರೇಕ್ ಹಾಕುವ ಸಂದರ್ಭವೇ ಬರಬಾರದು. ಅದಕ್ಕೆ ಇರೋದು ಒಂದೇ ದಾರಿ, ಮುಂದೆ ಜಾಸ್ತಿ ಜಾಗ ಬಿಡೋದು. ಮುಂದೆ ಏನೇ ಬಂದರೂ ಮೆಲ್ಲಗೆ ನಿಧಾನ ಮಾಡಬಹುದು, ನಿಮ್ಮ ಬ್ರೇಕ್ ಲೈಟ್ ಜಾಸ್ತಿ ಹೊತ್ತು ಉರಿಯುತ್ತದೆ, ನಿದ್ದೆಗಣ್ಣಿನವನಿಗೂ ಕಾಣುತ್ತದೆ. ಸಾಮಾನ್ಯ ದಿನಕ್ಕೆ ಎರಡು ಸೆಕೆಂಡ್ ಅಂತರ ಸಾಕು. ಮುಂದಿನ ಗಾಡಿ ಒಂದು ಕಂಬ ದಾಟಿದಾಗ "ನೂರಾ ಒಂದು, ನೂರಾ ಎರಡು" ಅನ್ನಬೇಕು. ಹೇಳಿ ಮುಗಿಸೋ ಮೊದಲೇ ನೀವು ಕಂಬ ತಲುಪಿದರೆ ಹತ್ತಿರ ಇದ್ದೀರಿ ಅಂತ. ಮಳೆಯಲ್ಲಿ ಅದನ್ನು ಎರಡು ಪಟ್ಟು ಮಾಡಬೇಕು. ಟ್ರ್ಯಾಕ್ಟರ್ ಗಾಲಿಯಿಂದ ಬಿದ್ದ ಕರಿ ಮಣ್ಣು ಹಸಿಯಾದಾಗ ನಮ್ಮ ರಸ್ತೆ ಹೇಗಿರುತ್ತದೆ ಅಂತ ಈ ಭಾಗದವರಿಗೆ ಹೇಳಬೇಕಾಗಿಲ್ಲ. ಬೆನ್ನಿಗೆ ಯಾರಾದರೂ ಬಿದ್ದಾಗಲೂ ಇದೇ ಲೆಕ್ಕ: ನನಗೆ ಎರಡು, ಅವನ ಪರವಾಗಿ ಎರಡು.

"ಅವನ ತಪ್ಪಿಗೆ ನಾ ಯಾಕ್ರೀ ಜಾಗ ಬಿಡ್ಬೇಕು?" ಅಂತ ಟೀಚರ್ ಕೇಳಿದರು. ನ್ಯಾಯವಾದ ಪ್ರಶ್ನೆ. ಅವರು ಬಿಡಬೇಕಾಗಿರಲಿಲ್ಲ. ಆದರೆ ಪೆಟ್ಟು ಬಿದ್ದದ್ದು ಅವರ ಡಿಕ್ಕಿಗೆ, ಅಲ್ವಾ?

ಕ್ರೂಸರ್ ಡ್ರೈವರ್ ಹೇಳಿದ್ದು

ಹುಡುಗ ಚಿಕ್ಕವನು. ಗಾಡಿ ಅವನದಲ್ಲ, ಮಾಲೀಕ ಬೇರೆ. ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತ ಮಾತಾಡಿದೆವು. ಮೊದಲು ಮೈಮೇಲೆ ಬಂದ, ನಾನು ಪೊಲೀಸರ ಕಡೆಯವನಲ್ಲ ಅಂತ ಗೊತ್ತಾದ ಮೇಲೆ ಮೆತ್ತಗಾದ.

"ಕಾಕಾ, ನಾ ಬೈಲಿಲ್ರೀ ಅವರಿಗಿ. ಹಾರ್ನ್ ಹೊಡದ್ರ ಬೈದಂಗೇನು? ಹಿಂದ ಬಂದೀನಿ ಅಂತ ಹೇಳ್ದೆ ಅಷ್ಟೆ."

ಹತ್ತಿರ ಯಾಕೆ ಬಂದೆ ಅಂದರೆ ಅವನಲ್ಲಿ ಮೂರು ಕಾರಣ ಇದ್ದವು. ಒಂದು, ಹುಣ್ಣಿಮೆ ದಿನ ಟ್ರಿಪ್ ಜಾಸ್ತಿ ಆದಷ್ಟೂ ದುಡ್ಡು. ಎರಡು, "ಗ್ಯಾಪ್ ಬಿಟ್ರ ಬ್ಯಾರೆದಾವ್ ನುಗ್ತಾನ್ರೀ." ಮೂರು, ಹತ್ತಿರ ಇದ್ದರೆ ಸಂದು ಸಿಕ್ಕ ತಕ್ಷಣ ಓವರ್‌ಟೇಕ್ ಮಾಡಬಹುದು ಅಂತ.

ಮೂರನೆಯದನ್ನು ನೂರಕ್ಕೆ ತೊಂಬತ್ತು ಜನ ನಂಬುತ್ತಾರೆ, ಆದರೆ ಅದು ಉಲ್ಟಾ. ಮುಂದಿನ ಗಾಡಿಗೆ ಅಂಟಿಕೊಂಡರೆ ಎದುರಿನ ರಸ್ತೆ ಕಾಣೋದಿಲ್ಲ. ನೋಡೋಕೆ ಅಂತಲೇ ಗಾಡಿಯ ಮೂತಿ ಬಲಕ್ಕೆ ತೆಗೆಯಬೇಕು, ಅಂದರೆ ಎದುರಿನ ಲಾರಿಯ ದಾರಿಗೆ. ಮುಂದಿನವನ ವೇಗದಲ್ಲೇ ಇರೋದರಿಂದ, ಜಾಗ ಸಿಕ್ಕಾಗ ಸೊನ್ನೆಯಿಂದ ಪಿಕಪ್ ತೆಗೆಯಬೇಕು. ಜನ ತುಂಬಿದ ಗಾಡಿ ಆಗ ಏಳೋದೇ ಇಲ್ಲ, ಎದುರು ಲೇನಿನಲ್ಲಿ ಜಾಸ್ತಿ ಹೊತ್ತು ಕಳೆಯುತ್ತದೆ. ಆ ಎರಡು ಸೆಕೆಂಡ್‌ನಷ್ಟು ಹಿಂದೆ ಇದ್ದರೆ ರಸ್ತೆ ದೂರದವರೆಗೆ ಕಾಣುತ್ತದೆ. ಎದುರಿನ ಗಾಡಿ ದಾಟುವ ಹೊತ್ತಿಗೆ ನಮ್ಮ ಲೇನಿನಲ್ಲೇ ವೇಗ ಕೂಡಿಸಿಕೊಳ್ಳಬಹುದು. ಓಡಿ ಬಂದು ಹಳ್ಳ ಜಿಗಿಯುವವನಿಗೂ ದಂಡೆಯಲ್ಲಿ ನಿಂತು ಜಿಗಿಯುವವನಿಗೂ ಇರುವ ವ್ಯತ್ಯಾಸ ಇದು. ಹುಡುಗನಿಗೆ ಇದನ್ನು ಮೇಜಿನ ಮೇಲೆ ಕಪ್ಪು, ಬಸಿ ಇಟ್ಟು ತೋರಿಸಿದೆ. "ಇದ್ ಖರೆ ಅದ" ಅಂದ. ಮಾಡುತ್ತಾನಾ? ಮಾಲೀಕ ಟ್ರಿಪ್ ಲೆಕ್ಕ ಕೇಳುವವರೆಗೆ ನನಗೆ ಅನುಮಾನವೇ.

ನನಗೆ ಹೊಸದಾಗಿ ಕಂಡದ್ದು ಅವನ ಮುಂದಿನ ಮಾತು. "ಅವರು ಜೋರ್ ಹೊಡದ್ರಲ್ರೀ, ನಾ ತಿಳಕೊಂಡೆ ರೇಸ್ ಹಚ್ಯಾರಂತ. ಸೈಡ್ ಕೊಡಲ್ಲ ಅಂತ ಹಟ ಮಾಡ್ಲಕತ್ತಾರಂತ." ಟೀಚರ್ ಹೆದರಿ ಓಡಿದರು, ಅವನಿಗೆ ಅದು ಸವಾಲಾಗಿ ಕಂಡಿತು. ಟ್ರ್ಯಾಕ್ಟರ್ ದಾಟುವಾಗ ಟೀಚರ್ ಹಾಕಿದ ಬಲಗಡೆ ಇಂಡಿಕೇಟರ್ ಕೂಡ ಅವನಿಗೆ ಬೇರೆ ಅರ್ಥ ಕೊಟ್ಟಿತ್ತು: ಬಲಗಡೆಯಿಂದ ಹೋಗು ಅಂತ ದಾರಿ ಕೊಟ್ಟರು ಅಂದುಕೊಂಡ. ನಮ್ಮ ಹೈವೇಗಳಲ್ಲಿ ಇದು ಹಳೇ ಗೊಂದಲ. ಕೆಲವು ಲಾರಿಯವರು ಬಲಗಡೆ ಲೈಟ್ ಹಾಕಿ "ದಾಟು" ಅನ್ನುತ್ತಾರೆ, ಕೆಲವರು ಅದೇ ಲೈಟ್ ಹಾಕಿ "ಎದುರು ಗಾಡಿ ಅದ, ಬರಬ್ಯಾಡ" ಅನ್ನುತ್ತಾರೆ. ಮಹಾರಾಷ್ಟ್ರ, ತೆಲಂಗಾಣದ ಗಾಡಿಗಳು ಬೆರೆಯುವ ನಮ್ಮ ಜಿಲ್ಲೆಯಲ್ಲಿ ಯಾರ ಲೈಟಿಗೆ ಯಾವ ಅರ್ಥ ಅಂತ ಹೇಳೋಕೆ ಬರೋದಿಲ್ಲ. ಅದಕ್ಕೇ ಹಿಂದಿನವನಿಗೆ ಬಲಗಡೆ ಲೈಟಿನಿಂದ ಯಾವ ಸನ್ನೆಯನ್ನೂ ಮಾಡಬೇಡಿ ಅಂತ ನಾನು ಕಲಿಸೋದು. ಎಡಗಡೆ ಇಂಡಿಕೇಟರ್ ಹಾಕಿ, ಮೆಲ್ಲಗೆ ನಿಧಾನ ಮಾಡಿ, ಎಡಕ್ಕೆ ಸರಿದರೆ ಎಲ್ಲರಿಗೂ ಒಂದೇ ಅರ್ಥ.

ಇನ್ನೊಂದು ಮಾತು. "ಹೆಣ್ಮಕ್ಕಳು ಓಡಿಸ್ತಾರಂತ ಗೊತ್ತಾದ್ರ ಹಿಂಗೇ ಮಾಡ್ತಾರ" ಅಂತ ಟೀಚರ್ ಖಡಾಖಂಡಿತ ಹೇಳಿದರು. ಯಾರು ಓಡಿಸುತ್ತಿದ್ದಾರೆ ಅಂತ ನೋಡೇ ಇರಲಿಲ್ಲ ಅಂದ ಹುಡುಗ. ಟೀಚರ್ ನಂಬಲಿಲ್ಲ. ನನ್ನ ಹತ್ತಿರ ಕಲಿಯೋಕೆ ಬರುವ ಹೆಣ್ಣುಮಕ್ಕಳು ಇದೇ ಮಾತು ಹೇಳುತ್ತಾರೆ, ಆದ್ದರಿಂದ ನಾನೂ ತಳ್ಳಿಹಾಕೋದಿಲ್ಲ.

ಎಲ್ಲಿ ತಪ್ಪಿಸಬಹುದಿತ್ತು

ಟ್ರ್ಯಾಕ್ಟರ್ ಬರುವ ಎಷ್ಟೋ ಮೊದಲೇ. ವಿಡಿಯೋದಲ್ಲಿ, ಮೊದಲ ಹಾರ್ನ್ ಕೇಳಿದ ಸ್ವಲ್ಪ ಹೊತ್ತಿಗೆ ಎಡಗಡೆ ಒಂದು ಪೆಟ್ರೋಲ್ ಬಂಕ್ ಬರುತ್ತದೆ. ಅಗಲವಾದ, ಗಟ್ಟಿ ನೆಲದ ಜಾಗ. ಅಲ್ಲಿ ಎಡಗಡೆ ಇಂಡಿಕೇಟರ್ ಹಾಕಿ ಒಳಗೆ ಹೋಗಿದ್ದರೆ, ಕ್ರೂಸರ್ ಮುಂದೆ ಹೋಗುತ್ತಿತ್ತು, ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಶಾಲೆಗೆ ಒಂದು ನಿಮಿಷ ತಡ. ಮಾಸ್ತರ್‌ಗೆ ಇದು ಸೋತಂತೆ ಅನ್ನಿಸಿತು, ಬಾಯಿಬಿಟ್ಟೇ ಹೇಳಿದರು. ನಾನು ಮಾತ್ರ ಬಂಕಿನ ಪರ.

ಆದರೆ ಎಲ್ಲಿ ಬೇಕಾದರೂ ಎಡಕ್ಕೆ ಇಳಿಸಬಾರದು. ಆ ಡಾಂಬರಿನ ಅಂಚು ನೆನಪಿದೆಯಲ್ಲ, ವೇಗದಲ್ಲಿ ಎಡಗಾಲಿ ಎರಡೂ ಕೆಳಗೆ ಇಳಿದರೆ, ಮತ್ತೆ ಮೇಲೆ ಹತ್ತಿಸೋಕೆ ಸ್ಟೇರಿಂಗ್ ಎಳೆದಾಗ ಗಾಡಿ ಒಮ್ಮೆಲೇ ಬಲಕ್ಕೆ ಚಿಮ್ಮುತ್ತದೆ. ಹಿಂದಿನವನಿಗೆ ಜಾಗ ಕೊಡೋಕೆ ಹೋಗಿ ಎದುರಿನ ಲಾರಿಗೆ ಕೊಟ್ಟ ಹಾಗಾಗುತ್ತದೆ. ಬಂಕು, ಢಾಬಾ, ಬಸ್‌ಸ್ಟಾಪಿನ ಅಗಲ ಜಾಗ, ಹಳ್ಳಿಗೆ ತಿರುಗುವ ಕೂಡು, ಇಂಥಲ್ಲಿ ಮಾತ್ರ. ಸಿಗದಿದ್ದರೆ ಅಲ್ಲಿಯವರೆಗೆ ಒಂದೇ ವೇಗ, ಮುಂದೆ ಜಾಸ್ತಿ ಜಾಗ. ಎದುರು ಖಾಲಿ ಇರುವ ನೇರ ರಸ್ತೆ ಬಂದಾಗ ವೇಗವನ್ನು 5-10 ಇಳಿಸಿದರೆ ಅವನಿಗೆ ದಾಟೋದು ಸುಲಭ. ಬ್ರೇಕಿನಿಂದ ಅಲ್ಲ, ಆಕ್ಸಿಲರೇಟರ್‌ನಿಂದ ಕಾಲು ತೆಗೆದು.

ಹಂಪ್ ಗೊತ್ತಿದ್ದರೆ ಬಹಳ ಮೊದಲೇ ಬ್ರೇಕ್ ಪೆಡಲ್ ಮೇಲೆ ಹಗುರವಾಗಿ ಕಾಲಿಟ್ಟು ಲೈಟ್ ಉರಿಸಬೇಕು. ಗಾಡಿ ನಿಧಾನ ಆಗದಿದ್ದರೂ ಪರವಾಗಿಲ್ಲ, ಹಿಂದಿನವನಿಗೆ ಸುದ್ದಿ ಮುಟ್ಟಬೇಕು. ಇದಕ್ಕೂ ಟೀಚರ್ ಸಿಟ್ಟಿನಲ್ಲಿ ಕುಟ್ಟಿದ ಬ್ರೇಕಿಗೂ ಬಹಳ ಫರಕು. ಅದೂ ಅಲ್ಲದೆ ಅವರು ಎರಡು ಸಲ ಸುಮ್ನೆ ಕುಟ್ಟಿದ್ದರಿಂದ, ನಿಜವಾಗಿ ನಿಲ್ಲುವಾಗ ಹುಡುಗ ಮೂರನೇ ಸಲವೂ ಆಟ ಅಂದುಕೊಂಡ. "ಮತ್ತ ಹೆದರಸ್ಲಕತ್ತಾರ ಅಂದ್ಕೊಂಡೆ" ಅಂತ ಅವನೇ ಹೇಳಿದ.

ರಾತ್ರಿಯಾದರೆ ಹೈಬೀಮ್ ಕಣ್ಣಿಗೆ ಹೊಡೆಯುತ್ತದೆ. ಒಳಗಿನ ಕನ್ನಡಿಯ ಕೆಳಗೆ ಒಂದು ಪುಟ್ಟ ಕೊಕ್ಕೆ ಇರುತ್ತದೆ, ಅದನ್ನು ತಿರುಗಿಸಿದರೆ ಬೆಳಕು ಮಂಕಾಗುತ್ತದೆ. ವರ್ಷಗಟ್ಟಲೆ ಕಾರು ಓಡಿಸಿದವರಿಗೂ ಇದು ಗೊತ್ತಿರೋದಿಲ್ಲ.

ಹಿಂದಿನವನು ಬಂಕಿಗೂ ಹಿಂಬಾಲಿಸಿ ಬಂದರೆ, ಅಡ್ಡ ಹಾಕಿದರೆ, ಆಗ ಅದು ಅವಸರ ಅಲ್ಲ. ಇಳಿಯಬಾರದು, ಬಾಗಿಲು ಲಾಕ್ ಮಾಡಿ 112ಕ್ಕೆ ಫೋನ್ ಮಾಡಬೇಕು, ಜನ ಇರುವ ಕಡೆಗೆ ಗಾಡಿ ಒಯ್ಯಬೇಕು.

ಜಗಳ, ಕಾನೂನು, ರಾಜಿ

ಹಂಪ್ ಹತ್ತಿರ ಜನ ಸೇರಿದರು. "ನೀವ್ ಯಾಕ್ ಹಂಗ್ ಬ್ರೇಕ್ ಹೊಡದ್ರೀ?" "ನೀ ಯಾಕ್ ಅಷ್ಟ್ ಹತ್ರ ಬಂದಿ?" ಇದೇ ಎರಡು ಸಾಲು ತಿರುಗಿ ತಿರುಗಿ ನಡೆಯಿತು. ತಮಾಷೆ ಅಂದರೆ ಕಾನೂನಿನಲ್ಲಿ ಎರಡಕ್ಕೂ ಜಾಗ ಇದೆ. 1989ರ ರಸ್ತೆ ನಿಯಮಗಳಲ್ಲಿ 23ನೆಯದು, ಮುಂದಿನ ಗಾಡಿ ಒಮ್ಮೆಲೇ ನಿಂತರೂ ಗುದ್ದದಷ್ಟು ಅಂತರ ಬಿಡಬೇಕು ಅನ್ನುತ್ತದೆ. ಅದರ ಬೆನ್ನಿಗೇ 24ನೆಯದು, ಸುರಕ್ಷತೆಗೆ ಬೇಕಾದಾಗ ಬಿಟ್ಟು ಒಮ್ಮೆಲೇ ಬ್ರೇಕ್ ಹಾಕಬಾರದು ಅನ್ನುತ್ತದೆ. 2017ರಲ್ಲಿ ಹೊಸ ನಿಯಮ ಬಂದಾಗಲೂ ಈ ಎರಡು ಮಾತು ಉಳಿದವು.

ಸುಪ್ರೀಂ ಕೋರ್ಟ್ 2018ರ ಒಂದು ತೀರ್ಪಿನಲ್ಲಿ, ಲಾರಿಯ ಹಿಂದೆ 10-15 ಅಡಿ ದೂರದಲ್ಲಿ ಓಡುತ್ತಿದ್ದ ಕಾರು ಸುರಕ್ಷಿತ ಅಂತರದಲ್ಲಿ ಇರಲಿಲ್ಲ ಅಂದಿತು. ಹಾಗಂತ ಹಿಂದಿನಿಂದ ಗುದ್ದಿದವನದ್ದೇ ಪೂರ್ತಿ ತಪ್ಪು ಅಂತ ಯಾವಾಗಲೂ ಆಗೋದಿಲ್ಲ. 2025ರ ಇನ್ನೊಂದು ತೀರ್ಪು ಕೊಯಮತ್ತೂರು ಕಡೆಯ ಅಪಘಾತದ್ದು. ಹೈವೇಯಲ್ಲಿ ಕಾರೊಂದು ಸನ್ನೆ ಕೊಡದೆ ಒಮ್ಮೆಲೇ ನಿಂತಿತು. ಹಿಂದಿದ್ದ ಬೈಕ್ ಗುದ್ದಿ ಬಿತ್ತು, ಅದರ ಹಿಂದಿನ ಬಸ್ಸು ಹರಿದು ಬೈಕ್ ಓಡಿಸುತ್ತಿದ್ದ ಹುಡುಗನ ಕಾಲು ಹೋಯಿತು. ಕಾರಿನವನ ತಪ್ಪು ಶೇ. 50, ಬಸ್ಸಿನದು 30, ಅಂತರ ಬಿಡದ ಹುಡುಗನದು 20 ಅಂತ ಕೋರ್ಟ್ ಹಂಚಿತು. ಬುದ್ಧಿ ಕಲಿಸೋಕೆ ಬ್ರೇಕ್ ಕುಟ್ಟುವವರು ಇದನ್ನು ಓದಬೇಕು.

ಇಲ್ಲಿ ವಿಷಯ ಕೋರ್ಟಿಗೆ ಹೋಗಲಿಲ್ಲ. ಊರಿನ ಹಿರಿಯರೊಬ್ಬರು ನಡುವೆ ಬಂದು, ಮಾಲೀಕನಿಗೆ ಫೋನ್ ಮಾಡಿಸಿ, ಬಂಪರ್ ಖರ್ಚು ಅವನ ಮೇಲೆ ಹಾಕಿದರು. ಡಿಕ್ಕಿಯ ಬಾಗಿಲನ್ನು ಟೀಚರ್ ತಮ್ಮ ಕೈಯಿಂದ ಸರಿ ಮಾಡಿಸಿಕೊಂಡರು. ಇನ್ಶೂರೆನ್ಸ್ ಕ್ಲೇಮ್ ಮಾಡಲಿಲ್ಲ, ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದಿದ್ದರೆ ಸಿಗುವ ರಿಯಾಯಿತಿ) ಹೋಗುತ್ತದೆ ಅಂತ. ಇಷ್ಟು ಸಣ್ಣ ಖರ್ಚಿಗೆ ಅದು ಸರಿಯೇ.

ಸರಿಯಾಗದ್ದು ಅಜ್ಜಿಯ ವಿಷಯ. ಟೀಚರ್ ಮತ್ತು ಮಾಸ್ತರ್ ಅವರನ್ನು ಆಸ್ಪತ್ರೆಗೆ ಒಯ್ದು ಹೊಲಿಗೆ ಹಾಕಿಸಿದರು, ಅದು ಒಳ್ಳೆಯದಾಯಿತು. ಆದರೆ ಪೊಲೀಸರಿಗೆ ಯಾರೂ ತಿಳಿಸಲಿಲ್ಲ. ಯಾರಿಗಾದರೂ ಗಾಯ ಆದಾಗ ತಿಳಿಸಬೇಕು ಅಂತ ಮೋಟಾರು ವಾಹನ ಕಾಯ್ದೆಯೇ ಹೇಳುತ್ತದೆ. ಅಜ್ಜಿಯ ಹಲ್ಲು ಆಮೇಲೆ ಅಲುಗಾಡತೊಡಗಿತಂತೆ. ಪೊಲೀಸರ ಕಾಗದ ಇಲ್ಲದ್ದರಿಂದ ಪರಿಹಾರ ಕೇಳೋದೂ ಅವರಿಗೆ ಕಷ್ಟ. ಜಗಳ ಇದ್ದದ್ದು ಇಬ್ಬರು ಡ್ರೈವರ್‌ಗಳದ್ದು, ರಾಜಿಯೂ ಅವರದ್ದೇ. ದರ್ಶನಕ್ಕೆ ಹೊರಟಿದ್ದ ಅಜ್ಜಿಯನ್ನು ಯಾರೂ ಕೇಳಲಿಲ್ಲ.

ಆಮೇಲೆ

ಟೀಚರ್ ಈಗಲೂ ಅದೇ ರಸ್ತೆಯಲ್ಲಿ ಹೋಗುತ್ತಾರೆ. ಹುಣ್ಣಿಮೆ ದಿನ ಸ್ವಲ್ಪ ಬೇಗ ಹೊರಡುತ್ತಾರೆ. ಯಾರಾದರೂ ಬೆನ್ನಿಗೆ ಬಿದ್ದರೆ ಮುಂದಿನ ಬಂಕಿನಲ್ಲಿ ಎಡಕ್ಕೆ ತಿರುಗುತ್ತಾರೆ, ಒಂದೆರಡು ಸಲ ಅದೇ ನೆಪದಲ್ಲಿ ಗಾಳಿ ಚೆಕ್ ಮಾಡಿಸಿದ್ದಾರೆ. ಮಾಸ್ತರ್ ಈಗಲೂ "ಜರಾ ಜೋರ್ ಹೊಡೀರಿ" ಅನ್ನುತ್ತಾರೆ, ಟೀಚರ್ ಕೇಳೋದಿಲ್ಲ. ಹಿಂದಿನ ಗಾಜಿಗೆ ಇನ್ನೊಂದು ಕ್ಯಾಮೆರಾ ಹಾಕಿಸಿದ್ದಾರೆ. ಅದು ನಾನು ಹೇಳಿದ್ದಲ್ಲ, ಅವರ ಮಗನ ಸಲಹೆ. ಸಾಕ್ಷಿಗೆ ಒಳ್ಳೆಯದೇ.

ಹಂಪಿಗೆ ಬಿಳಿ ಪಟ್ಟಿ ಹಾಕಿಸಿ, ಬೋರ್ಡು ನಿಲ್ಲಿಸಿ ಅಂತ ಶಾಲೆಯವರೆಲ್ಲ ಸಹಿ ಮಾಡಿ ಅರ್ಜಿ ಕೊಟ್ಟಿದ್ದರು. ಪಟ್ಟಿ ಬಂತು, ಬೋರ್ಡ್ ಇನ್ನೂ ಬಂದಿಲ್ಲ. ಇಷ್ಟರಲ್ಲಿ ಅದೇ ಊರಿನ ಆ ಕಡೆ ತುದಿಗೆ ಜನ ತಾವೇ ಮುರುಮ್ ಹಾಕಿ ಇನ್ನೊಂದು ಹಂಪ್ ಎಬ್ಬಿಸಿದ್ದಾರೆ, ಅದಕ್ಕೆ ಬಣ್ಣವೂ ಇಲ್ಲ. ಎರಡನೇ ಅರ್ಜಿಯನ್ನು ಮಾಸ್ತರ್ ಬರೆಯುತ್ತಿದ್ದಾರೆ.